ಕೆಮ್ಮಿನ ಲೆಕ್ಕ ಯಾರು ಬರೀತಾರೆ?

ಬೆಂಗಳೂರಿಂದ ಹುಬ್ಬಳ್ಳಿ ಕಡೆ ಹೊರಟರೆ ಹಿರಿಯೂರು ದಾಟಿದ ಮೇಲೆ, ಚಿತ್ರದುರ್ಗಕ್ಕೆ ಮುಂಚೆ, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸಿಗುವ ಊರು ನಮ್ಮ ಐಮಂಗಲ. ಹಗಲು ರಾತ್ರಿ ಲಾರಿಗಳು ಓಡ್ತಾನೇ ಇರುತ್ತವೆ. ಲಾರಿ ಓಡಿದರೆ ಡೀಸೆಲ್, ಟೀ, ಪಂಕ್ಚರ್, ಎಲ್ಲ ವ್ಯವಹಾರವೂ ದೇಶದ ಆದಾಯಕ್ಕೆ ಸೇರುತ್ತೆ. ಹೊಗೆ ಕುಡಿದು ಕೆಮ್ಮು ಬಂದರೆ ಡಾಕ್ಟರಿಗೆ ಕೊಟ್ಟ ಫೀಸೂ ಸೇರುತ್ತೆ! ಕೆಮ್ಮನ್ನು ಮಾತ್ರ ಯಾರೂ ಕಳೆಯೋದಿಲ್ಲ.

ನಾವು ಪರೀಕ್ಷೆಗೆ ಓದೋ ಲೆಕ್ಕದಲ್ಲಿ ಮೆಷಿನ್ ಸವೆದರೆ ಡಿಪ್ರಿಸಿಯೇಷನ್ ಅಂತ ಕಳೀತೀವಿ. ಗುಡ್ಡ ಸವೆದರೆ? ಅದಕ್ಕೆ ಕಾಲಂ ಇಲ್ಲ. ರಾಷ್ಟ್ರೀಯ ಆದಾಯದ ಲೆಕ್ಕಕ್ಕೆ ಅಡಿಪಾಯ ಹಾಕಿದ ಸೈಮನ್ ಕುಜ್ನೆಟ್ಸ್ ಅವರೇ 1934ರಲ್ಲಿ ಅಮೆರಿಕದ ಸೆನೆಟ್‌ಗೆ ಕೊಟ್ಟ ವರದಿಯಲ್ಲಿ, ಈ ಅಂಕಿಯಿಂದ ಜನರ ಕ್ಷೇಮ ಅಳೆಯೋಕಾಗಲ್ಲ ಅಂತ ಎಚ್ಚರಿಸಿದ್ದರು.

ತಮಾಷೆ ಅಂದ್ರೆ, 1990ರ ದಶಕದಲ್ಲಿ ಅವರದೇ ಹೆಸರಲ್ಲಿ ಒಂದು ಗ್ರಾಫ್ ಬಂತು. ದೇಶದ ಆದಾಯ ಏರಿದಂತೆ ಮಾಲಿನ್ಯ ಮೊದಲು ಏರುತ್ತೆ, ಒಂದು ಹಂತದ ನಂತರ ಇಳಿಯುತ್ತೆ ಅನ್ನುತ್ತೆ ಅದು. ಕೇಳೋಕೆ ಚೆನ್ನಾಗಿದೆ: ಮೊದಲು ದುಡ್ಡು ಮಾಡೋಣ, ಗಾಳಿ ಆಮೇಲೆ ತಾನೇ ಸರಿಹೋಗುತ್ತೆ!

ನಮ್ಮ ಜಿಲ್ಲೆಯಲ್ಲಿ ಅದು ತಾನಾಗಿ ಸರಿಹೋಗಲಿಲ್ಲ. ಭೀಮಸಮುದ್ರದ ಕಡೆ ಕಬ್ಬಿಣದ ಅದಿರಿನ ಗಣಿಗಳಿವೆ. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಹಾಕಿದ್ದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು, ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರಿನದ್ದನ್ನೂ ನಿಲ್ಲಿಸಿತು. ಮತ್ತೆ ಶುರುವಾದಾಗ ವರ್ಷಕ್ಕೆ ಇಷ್ಟೇ ಟನ್ ಅಂತ ಮಿತಿ ಬಂತು. 2022ರಲ್ಲಿ ಚಿತ್ರದುರ್ಗ ಮತ್ತು ತುಮಕೂರಿನ ಮಿತಿ 70 ಲಕ್ಷ ಟನ್‌ನಿಂದ 150 ಲಕ್ಷ ಟನ್‌ಗೆ ಏರಿತು. ಗ್ರಾಫ್ ಇಳಿಸಿದ್ದು ಕೋರ್ಟು, ಈಗ ಮತ್ತೆ ಏರೋದಕ್ಕೆ ದಾರಿ ಬಿಟ್ಟದ್ದೂ ಅದೇ. ಆದಾಯ ಜಾಸ್ತಿ ಆಗೋದನ್ನ ಕಾಯ್ತಾ ಕೂತಿದ್ರೆ ಏನಾಗ್ತಿತ್ತೋ!

ಹಾಗಂತ ಗಣಿಯೇ ಬೇಡ ಅನ್ನೋಕೆ ನಮಗೆ ಬಾಯಿ ಬರಲ್ಲ. ಗಣಿ ನಿಂತರೂ ಲಾರಿ ಸಾಲದ ಕಂತು ನಿಲ್ಲಲ್ಲ. ಡ್ರೈವರ್, ಕ್ಲೀನರ್, ರಸ್ತೆ ಬದಿಯ ಹೋಟೆಲ್‌ನವರು, ಎಲ್ಲರ ಮನೆಯ ಒಲೆಯೂ ಅದರಿಂದಲೇ ಉರಿಯೋದು. ನಮ್ಮ ಹಾಸ್ಟೆಲಿನ ಕಬ್ಬಿಣದ ಮಂಚವೂ ಯಾವುದೋ ಗುಡ್ಡದಿಂದಲೇ ಬಂದದ್ದು ತಾನೇ?

ನಾಳೆ ಗಣಿಗೋ ಕಾರ್ಖಾನೆಗೋ ಇಂಜಿನಿಯರ್ ಆಗಿ ಹೋಗೋರು ನಾವು, ನೀವೇ. ಲೋಡಿಗೆ ಟಾರ್ಪಾಲು, ರಸ್ತೆಗೆ ನೀರು, ಚಿಮಣಿಗೆ ಫಿಲ್ಟರ್, ಇವುಗಳ ಖರ್ಚನ್ನು ಎಸ್ಟಿಮೇಟಿನಲ್ಲಿ ಮೊದಲೇ ಬರೆಯೋಣ. ಬರೆಯದಿದ್ರೆ ಆ ಖರ್ಚು ಮಾಯ ಆಗಲ್ಲ, ರಸ್ತೆ ಪಕ್ಕದ ಮನೆಯವರ ತಲೆ ಮೇಲೆ ಬೀಳುತ್ತೆ ಅಷ್ಟೇ.