ರೇಣುಕಾಸಾಗರದ ಮೂಡಗಾಳಿ

ಸವದತ್ತಿ ಗುಡ್ಡದ ಮೇಲಿನ ಗಾಳಿಯಂತ್ರಗಳು ಮಧ್ಯಾಹ್ನವೆಲ್ಲ ತೂಕಡಿಸುತ್ತ ನಿಂತಿದ್ದವು. ನಾಲ್ಕರ ಹೊತ್ತಿಗೆ ಒಂದೊಂದಾಗಿ ಎಚ್ಚೆತ್ತು ತಿರುಗತೊಡಗಿದವು. ಕಯಾಕಿನ ಮುಂದಿನ ಸೀಟಿನಲ್ಲಿ ನಾನು, ಹಿಂದೆ ಇವರು. "ರೀ, ಅಲ್ಲಿ ಫ್ಯಾನ್ ನೋಡ್ರಿ" ಅಂದೆ. ಇವರು ತಲೆ ಎತ್ತುವಷ್ಟರಲ್ಲಿ ಗಾಳಿ ನಮ್ಮ ಮೇಲೇ ಬಂದಿತ್ತು.

ಮೂಡಗಾಳಿ ಅದು. ದೂರದ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಡಿಸೆಂಬರಿನಲ್ಲಿ ನಮ್ಮ ಬಯಲುಸೀಮೆಯ ಮೇಲೂ ಹೀಗೆ ಎದ್ದು ಬೀಸುತ್ತದೆ. ಇವರು ಕೂಗಿದರು: "ಮೂತಿ ಗಾಳಿಗೆ ತಿರುಗಿಸು! ಅಡ್ಡ ಬಿಡಬ್ಯಾಡ!" ಇಬ್ಬರೂ ಹುಟ್ಟು ಹಾಕಿದೆವು. ದಂಡೆಯಲ್ಲಿ ಕಾರು ನಿಲ್ಲಿಸಿದ್ದ ಬೇವಿನ ಮರದ ಮೇಲೆ ಕಣ್ಣಿಟ್ಟು ಹಾಕಿದೆವು. ರಟ್ಟೆ ಉರಿಯಿತು, ಉಸಿರು ಹತ್ತಿತು. ತಲೆ ಎತ್ತಿ ನೋಡಿದರೆ ಮರ ಮೊದಲಿಗಿಂತ ಸಣ್ಣದಾಗಿತ್ತು.

ಚಚಡಿ ನನ್ನ ತವರು. ಅಲ್ಲಿಂದ ಹೊರಟ ತಿರುಗಾಟ ನಮ್ಮದು. ಎರೆಹೊಲದಲ್ಲಿ ಬಿಳಿಜೋಳ ತೆನೆಗಟ್ಟುತ್ತಿದ್ದ ಕಾಲ. ಬೆಳಗಿನ ಇಬ್ಬನಿಗೆ ಸೀರೆಯ ಅಂಚೆಲ್ಲ ತೊಯ್ಯುವ ಥಂಡಿ. ಅವ್ವ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಿದ್ದಳು. ಮೊದಲು ಸೊಗಲದ ಕಣಿವೆಗೆ ಇಳಿದೆವು. ಕ್ರಿ.ಶ. 980ರ ತೈಲಪನ ಕಾಲದ ಶಾಸನ ಸಿಕ್ಕ ಊರು ಅದು. ಸೋಮೇಶ್ವರನಿಗೆ ಕೈಮುಗಿದು, ಚಳಿಗಾಲದ ಸಣ್ಣ ಜಲಪಾತದ ಪಕ್ಕದ ಬಂಡೆ ಹತ್ತಿ ಇಳಿದು, ಸವದತ್ತಿ ಹಾದಿ ಹಿಡಿದೆವು. ಕಾರಿನ ಡಿಕ್ಕಿಯಲ್ಲಿ ಗಾಳಿ ತುಂಬುವ ಕಯಾಕ್, ಡೇರೆ, ಲೈಫ್ ಜಾಕೆಟ್ ಇದ್ದವು. ಸಾಹಸಕ್ಕೆ ದಾಂಡೇಲಿಗೇ ಹೋಗಬೇಕು ಅನ್ನುವವರೊಡನೆ ನಾನು ಸದಾ ವಾದಿಸುತ್ತೇನೆ. ನಮ್ಮ ಮಲಪ್ರಭೆಯ ಒಡಲಲ್ಲಿ ಒಂದು ಸಮುದ್ರವೇ ಇದೆ. ನವಿಲುತೀರ್ಥದ ಅಣೆಕಟ್ಟೆಯ ಹಿಂದಿನ ಈ ರೇಣುಕಾಸಾಗರದಲ್ಲಿ, ತುಂಬಿದಾಗ 37 ಟಿಎಂಸಿಗೂ ಹೆಚ್ಚು ನೀರು ನಿಲ್ಲುತ್ತದೆ.

ಆ ಸಮುದ್ರದ ನಡುವೆ ಈಗ ನಾವಿದ್ದೆವು. ಗಾಳಿಗೆ ಬಯಲು ಸಿಕ್ಕಷ್ಟೂ ಅಲೆ ಬೆಳೆಯುತ್ತದೆ. ದಂಡೆಯ ಹತ್ತಿರ ಗೇಣಷ್ಟಿದ್ದದ್ದು ನಡುನೀರಿನಲ್ಲಿ ಮೊಳದಷ್ಟಾಗಿ, ನೆತ್ತಿಯ ಮೇಲೆ ಬಿಳಿ ನೊರೆ ಹೊತ್ತು ಬರುತ್ತಿತ್ತು. ಎದುರು ಹಾಯುವ ಪ್ರತಿ ಅಲೆಯೂ ನನ್ನ ಮಡಿಲಲ್ಲಿ ಒಂದು ತಂಬಿಗೆ ನೀರು ಸುರಿದು ಹೋಗುತ್ತಿತ್ತು.

"ಹಿಂಗ ಹಾಕಿದ್ರ ಕತ್ತಲಾಗೂದ್ರಾಗ ಕೈ ಸೋತು ಹೋಗ್ತಾವು," ಅಂದರು ಇವರು. "ಗಾಳಿ ಎತ್ತ ಒಯ್ತೈತೋ ಅತ್ತ ಹೋಗೂಣು. ಪಡುವಣ ದಂಡಿ."

ಎರಡು ಅಲೆಗಳ ನಡುವಿನ ತಗ್ಗಿನಲ್ಲಿ ಕಯಾಕ್ ತಿರುಗಿಸಬೇಕಿತ್ತು. ಅಡ್ಡ ಸಿಕ್ಕರೆ ಮಗುಚುವುದು ಖಾತ್ರಿ. ಇವರು ಎಣಿಸಿದರು: "ಒಂದು... ಎರಡು... ಈಗ!" ನಾನು ಎಡಕ್ಕೆ ಮೈಯೆಲ್ಲ ಹಾಕಿ ತಡೆದೆ, ಇವರು ಬಲಕ್ಕೆ ಎಳೆದರು. ಕಯಾಕ್ ಗಿರ್ರನೆ ತಿರುಗಿತು. ಮರುಕ್ಷಣ ಗಾಳಿ ಬೆನ್ನ ಹಿಂದೆ ಸೇರಿಕೊಂಡು ನಮ್ಮನ್ನು ತಳ್ಳಿತು. ಈಗ ದುಡಿಮೆಯೆಲ್ಲ ಅದರದೇ. ಮೂತಿ ನೆಟ್ಟಗಿಡುವುದಷ್ಟೇ ನಮ್ಮ ಕೆಲಸ.

ಸೂರ್ಯ ಕೆಂಪಾಗಿ ಎದುರಿಗೆ ಇಳಿಯುತ್ತಿದ್ದ. ಪಡುವಣ ದಂಡೆ ಕಪ್ಪು ಗೆರೆಯಾಗಿ, ಗೆರೆಯಲ್ಲಿ ಜಾಲಿಕಂಟಿ ಬಿಡಿಬಿಡಿಯಾಗಿ ಕಾಣತೊಡಗಿತ್ತು. ಅಷ್ಟರಲ್ಲಿ ಕೆಳಗಿನಿಂದ ಯಾರೋ ಹಿಡಿದು ಜಗ್ಗಿದ ಹಾಗಾಗಿ ಕಯಾಕ್ ಗಕ್ಕನೆ ನಿಂತಿತು.

ಮೀನಿನ ಬಲೆ. ಥರ್ಮಾಕೋಲ್ ತುಂಡುಗಳ ಸಾಲು ಅಲೆಯ ನೊರೆಯಲ್ಲಿ ಕಂಡಿರಲಿಲ್ಲ. ಕಯಾಕಿನ ಅಡಿಯ ರೆಕ್ಕೆಗೆ ನೈಲಾನ್ ಸುತ್ತಿಕೊಂಡಿತ್ತು. ಹಿಂದಿನಿಂದ ಅಲೆ ಏರಿ ಬಂದು ಇವರ ಬೆನ್ನಿಗೆ ಅಪ್ಪಳಿಸುತ್ತಿತ್ತು. ಇವರು ಚಾಕು ತೆಗೆದರು. ನಾನು ಕೂಗಿದೆ: "ಕೊಯ್ಯಬ್ಯಾಡ್ರಿ! ಯಾರದೋ ಹೊಟ್ಟಿ ಅದು!" ಆ ಕ್ಷಣದಲ್ಲೂ ನನಗೆ ಅದೇ ಕಂಡಿತು. ಒಂದು ಬಲೆ ಅಂದರೆ ಒಂದು ಮನೆಯ ಎಷ್ಟೋ ತಿಂಗಳ ಉಳಿತಾಯ. ಇವರು ಚಾಕು ಹಲ್ಲಿಗೆ ಕಚ್ಚಿ, ಹಿಂದಕ್ಕೆ ಬಾಗಿ, ಬೆರಳಿನಿಂದ ಒಂದೊಂದೇ ಕಣ್ಣಿ ಬಿಡಿಸಿದರು. ಕೊನೆಯ ಕಣ್ಣಿ ಬಿಟ್ಟಿತು. ಬಿಟ್ಟ ರಭಸಕ್ಕೆ ಕಯಾಕ್ ಅಡ್ಡ ತಿರುಗಿತು. ಬಂದ ಅಲೆ ನಮ್ಮಿಬ್ಬರನ್ನೂ ಎತ್ತಿ ನೀರಿಗೆ ಒಗೆಯಿತು.

ಎದೆಗೆ ಗುದ್ದಿದ ಹಾಗೆ ಥಂಡಿ. ಉಸಿರು ಒಳಗೂ ಹೋಗದು, ಹೊರಗೂ ಬರದು. ಜಾಕೆಟ್ ಮೇಲೆತ್ತಿತು. ಕಣ್ಣು ಬಿಟ್ಟರೆ ಮಗುಚಿದ ಕಯಾಕಿನ ಆಚೆ ಇವರ ಕೈ ಮಾತ್ರ ಕಂಡಿತು. "ಕಯಾಕ್ ಬಿಡಬ್ಯಾಡ! ಏನಾದ್ರೂ ಆಗಲಿ, ಬಿಡಬ್ಯಾಡ!" ಹಗ್ಗ ಹಿಡಿದು ಜೋತುಬಿದ್ದೆ. 2019ರ ಆಗಸ್ಟಿನ ಮಹಾಪೂರ ನೆನಪಾಯಿತು. ಬೆಳಗಾವಿ ಹತ್ತಿರದ ಕಬಲಾಪುರದಲ್ಲಿ ಗಂಡ ಹೆಂಡತಿ ಇಬ್ಬರು ಬಳ್ಳಾರಿ ನಾಲೆಯ ನೀರಿನ ನಡುವೆ ಸಿಕ್ಕಿಬಿದ್ದಿದ್ದರು. ಅವರನ್ನು ಕರೆತರಲು ಹೋದವರ ದೋಣಿಯೇ ಮಗುಚಿತ್ತು. ಆದರೂ ಆ ದಂಪತಿ ಜೀವ ಬಿಗಿಹಿಡಿದು ಕಾದರು, ಬದುಕಿ ಬಂದರು. ಅವರು ಕಾದರಲ್ಲ, ನಾವೂ ಬಿಡಬಾರದು ಅಂದುಕೊಂಡೆ.

ಇಬ್ಬರೂ ಒಂದೇ ಬದಿಗೆ ಬಂದು, ಆಚೆ ಬದಿಯ ಹಗ್ಗ ಹಿಡಿದೆಳೆದು ಮೈಭಾರ ಹಾಕಿದೆವು. ಜಾರಿತು. ಮತ್ತೆ ಹಾಕಿದೆವು. ಧೊಪ್ಪನೆ ನೆಟ್ಟಗಾಯಿತು. ಇವರು ಆಚೆ ಬದಿ ಈಜಿ ಹೋಗಿ ತೂಕಕ್ಕೆ ಜೋತುಬಿದ್ದರು. ನಾನು ಈಚೆಯಿಂದ ಕಾಲು ಬಡಿಯುತ್ತ ಹೊಟ್ಟೆಯ ಮೇಲೆ ಹೊರಳಿ ಒಳಗೆ ಬಿದ್ದೆ. ಆಮೇಲೆ ಇವರ ಜಾಕೆಟ್ಟಿನ ಪಟ್ಟಿ ಹಿಡಿದು ಜಗ್ಗಿದೆ. ಎಂಥ ಬಲ ಬಂತೋ ಆ ಯಲ್ಲವ್ವನಿಗೇ ಗೊತ್ತು. ಒಂದು ಹುಟ್ಟು ತೇಲಿ ಹೋಗಿತ್ತು. ಉಳಿದದ್ದು ಒಂದೇ.

ಕತ್ತಲಾಯಿತು. ದಂಡೆ ಕಾಣದಾಯಿತು. ತಿರುಗಿ ನೋಡಿದರೆ ಗುಡ್ಡದ ಮೇಲೆ ಗಾಳಿಯಂತ್ರಗಳ ಕೆಂಪು ದೀಪಗಳು ಮಿನುಗುತ್ತಿದ್ದವು. ದಿಕ್ಕಿಗೆ ಅಷ್ಟು ಸಾಕಿತ್ತು. ದೀಪ ಬೆನ್ನಿಗಿರಲಿ ಎಂದು ನಾನು ಹೇಳುತ್ತ ಹೋದೆ, ಇವರು ಒಂದೇ ಹುಟ್ಟಿನಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕುತ್ತ ಹೋದರು. ನಾನು ಅಂಗೈಯಿಂದಲೇ ನೀರು ತೋಡಿ ಹೊರಗೆ ಚೆಲ್ಲಿದೆ. ಹಲ್ಲು ಕಟಕಟ ಕಡಿಯುತ್ತಿದ್ದವು. ಆಮೇಲೆ ಕಡಿಯುವುದೂ ನಿಂತು ನಿದ್ದೆ ಬರತೊಡಗಿತು. ಥಂಡಿಯಲ್ಲಿ ಆ ನಿದ್ದೆ ಒಳ್ಳೆಯದಲ್ಲ ಎಂದು ಇವರಿಗೆ ಗೊತ್ತಿತ್ತು. "ಮಾತಾಡು, ಏನರ ಮಾತಾಡು" ಎಂದು ಬೆನ್ನಿಗೆ ಗುದ್ದಿದರು. ನಾನು ಚಚಡಿಯ ನಮ್ಮ ಓಣಿಯ ಮನೆಗಳನ್ನು ಒಂದೊಂದಾಗಿ ಹೆಸರು ಹಿಡಿದು ಹೇಳುತ್ತ ಹೋದೆ.

ಕೆಸರು ಬಂತು. ಮೊಣಕಾಲ ತನಕ ಹೂಳುವ ಎರೆಕೆಸರು. ಕಯಾಕ್ ಎಳೆದು, ತೆವಳಿ, ಮುಳ್ಳು ತುಳಿದು ಮೇಲೆ ಬಂದಾಗ ನಾಯಿ ಬೊಗಳಿತು. ಅದರ ಹಿಂದೆ ಒಂದು ಬೆಂಕಿ, ಕುರಿಯ ದೊಡ್ಡ ಹಿಂಡು.

"ಯಾರ ಅದು? ಈ ಥಂಡ್ಯಾಗ ನೀರಾಗಿಂದ ಎದ್ದ ಬಂದ್ರೇನ ಯವ್ವಾ?" ಕುರುಬರ ಅಜ್ಜ ಬ್ಯಾಟರಿ ಹಿಡಿದು ನಿಂತಿದ್ದ. ನಾನು ಬೆಂಕಿಯತ್ತ ಓಡಿದೆ. ಆತ ಅಡ್ಡ ಬಂದ. "ಮೊದ್ಲ ತೊಯ್ದ ಅರಿಬಿ ತಗಿ ತಂಗಿ. ಬೆಂಕಿ ಆಮ್ಯಾಲೆ."

ತಟ್ಟಿಯ ಮರೆಯಲ್ಲಿ ಒದ್ದೆ ಬಟ್ಟೆ ಕಳಚಿ ಆತ ಕೊಟ್ಟ ಕರೀ ಕಂಬಳಿ ಸುತ್ತಿಕೊಂಡೆ. ಹುಣಸೆಬೀಜದ ಗಂಜಿ ತಿಂದು ಬಿರುಸಾದ ಕಂಬಳಿ. ಮೈಗೆ ಚುಚ್ಚುತ್ತದೆ, ಆದರೆ ಗಾಳಿಯನ್ನು ಒಳಗೆ ಬಿಡುವುದಿಲ್ಲ. ಎಳೆಎಳೆಯಲ್ಲೂ ಕುರಿಯ ವಾಸನೆ, ಹೊಗೆಯ ವಾಸನೆ. ಬಿಸಿ ಹಾಲಿನಲ್ಲಿ ರೊಟ್ಟಿ ಮುರಿದು ಕೊಟ್ಟರು. ಆ ರಾತ್ರಿ ನಮ್ಮ ಡೇರೆ ಚೀಲದಲ್ಲೇ ಉಳಿಯಿತು. ಹಿಂಡಿನ ಮಗ್ಗುಲಲ್ಲೇ ಮಲಗಿದೆವು.

ನಸುಕಿನಲ್ಲಿ ಆ ಬಲೆಯ ಯಜಮಾನ ತೆಪ್ಪ ತಂದ. ಸಂಜೆ ಹಾಕಿದ ಬಲೆ ಬೆಳಗ್ಗೆ ಎತ್ತುವುದು ಅವರ ರೂಢಿ. ನಡೆದದ್ದನ್ನು ಕೇಳಿ, ಬಲೆಯನ್ನು ಪೂರ್ತಿ ಎಳೆದು ಬೆರಳಾಡಿಸಿ ನೋಡಿದ. "ಹರದಿಲ್ಲ. ದೊಡ್ಡ ಮನಸ್ಸು ನಿಮ್ದು," ಅಂದ. ಆಮೇಲೆ, "ಗಾಳಿ ಹೊತ್ತೇರಿದ ಮ್ಯಾಲೆ ಏಳ್ತೈತ್ರಿ. ಈಗ ನೀರು ಮಲಗೈತಿ. ನನ್ನ ಹಿಂದ ಬರ್ರಿ," ಎಂದು ತನ್ನದೊಂದು ಹುಟ್ಟು ಎಸೆದ.

ಮಂಜು ಎಷ್ಟು ದಟ್ಟವಾಗಿತ್ತೆಂದರೆ ಹತ್ತು ಮಾರು ಮುಂದಿದ್ದ ಆತ ಕಾಣುತ್ತಿರಲಿಲ್ಲ. ಆತ "ಹೋ..." ಅನ್ನುತ್ತಿದ್ದ, ನಾವು "ಹೋ..." ಅನ್ನುತ್ತಿದ್ದೆವು. ಒಮ್ಮೆ ದನಿ ಎಡಕ್ಕೆ ಹೋಯಿತು, ಒಮ್ಮೆ ಕೇಳಿಸಲೇ ಇಲ್ಲ. ಹುಟ್ಟು ಮೇಲೆತ್ತಿ ಉಸಿರು ಬಿಗಿಹಿಡಿದು ಕಾದೆವು. ಮತ್ತೆ ಕೇಳಿತು, ಬಲಕ್ಕೆ. ನೀರಿನಿಂದ ಒಣಮರದ ಕೊಂಬೆಯೊಂದು ಎದ್ದು ನನ್ನ ಭುಜ ಸವರಿ ಹಿಂದೆ ಸರಿಯಿತು. ಅಣೆಕಟ್ಟೆ ಕಟ್ಟಿದಾಗ ಮುಳುಗಿದ ನೆಲವೆಲ್ಲ ನಮ್ಮ ಅಡಿಗಿದೆ ಎಂಬುದು ಆಗ ಮೈಗೆ ತಾಗಿತು. ಬಿಸಿಲು ಬಿದ್ದು ಮಂಜು ಹರಿದಾಗ ನಾವು ಸವದತ್ತಿ ದಂಡೆಯಲ್ಲಿದ್ದೆವು. ಆತ ಹಣ ಮುಟ್ಟಲಿಲ್ಲ. ಅವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟು ಕಾರಿನಲ್ಲೇ ಇತ್ತು, ಅದನ್ನು ಒಯ್ದ.

ಮನೆಗೆ ತಿರುಗೋಣವೇ ಎಂದು ಇವರು ಕೇಳಿದರು. ನಾನು ಪರಸಗಡ ಹತ್ತಲೇಬೇಕು ಅಂದೆ. ಕೋಟೆಯ ಹಾದಿಯ ಬಂಡೆಗಳು ನೂರು ಕೋಟಿ ವರ್ಷಕ್ಕೂ ಹಳೆಯ ಕಲಾದಗಿ ಶಿಲೆ. ಅವುಗಳ ಅಂಚು ಹಿಡಿದಾಗ ನೈಲಾನ್ ಕೊಯ್ದಿದ್ದ ಇವರ ಬೆರಳು ಮತ್ತೆ ಬಿರಿದವು. ಆದರೂ ಹತ್ತಿದೆವು. ಮಧ್ಯಾಹ್ನ ನವಿಲುತೀರ್ಥದ ಕಂದರಕ್ಕೆ ಹೋದೆವು. ಅಲ್ಲಿ ಹೊಳೆ ಗುಡ್ಡವನ್ನೇ ಸೀಳಿ ಹೊರಟಿದೆ. ನೆತ್ತಿಯ ಮೇಲೆ ಕುಳಿತ ನವಿಲು ಹೊಳೆಯನ್ನು ಹಂಗಿಸಿತಂತೆ, ಸಿಟ್ಟಿಗೆದ್ದ ಮಲಪ್ರಭೆ ಗುಡ್ಡವನ್ನು ಇಬ್ಭಾಗ ಮಾಡಿತಂತೆ. ಹಿಂದಿನ ಸಂಜೆಯ ಆ ನೀರನ್ನು ಕಂಡ ಮೇಲೆ ನನಗೆ ಆ ಕಥೆ ಪೂರ್ತಿ ನಿಜವೆನಿಸಿತು.

ಬನದ ಹುಣ್ಣಿಮೆ ಹತ್ತಿರವಿತ್ತು. ಯಲ್ಲಮ್ಮನ ಗುಡ್ಡದತ್ತ ಚಕ್ಕಡಿಗಳ ಸಾಲು ಶುರುವಾಗಿತ್ತು. ರಸ್ತೆ ಕಟ್ಟಿಕೊಳ್ಳುವ ಮೊದಲೇ ಮುನವಳ್ಳಿ ದಾಟಿ, ರಾಮದುರ್ಗದ ಆಚೆ ಶಬರಿಕೊಳ್ಳಕ್ಕೆ ಹೊರಟೆವು. ಸ್ಟೇರಿಂಗ್ ಹಿಡಿದವಳು ನಾನು. ಇವರ ಬೆರಳುಗಳಿಗೆ ಅರಿಶಿನ ಹಚ್ಚಿ ಬಟ್ಟೆ ಸುತ್ತಿದ್ದೆ.