ಇಸ್ಪೀಟು, ತೊಗರಿ ಮತ್ತು ಎದ್ದು ಬರುವ ವಿದ್ಯೆ

ಇಸ್ಪೀಟು ಅಂದ ಕೂಡಲೇ ನಮ್ಮ ಕಡೆ ಜನಕ್ಕೆ ನೆನಪಾಗೋದು ಅಂದರ್ ಬಾಹರ್, ಆಮೇಲೆ ಪೊಲೀಸ್ ಜೀಪು. ನಮ್ಮ ಕಡೆ ಅಂದ್ರೆ ಸೇಡಂ ತಾಲೂಕಿನ ಕೋಡ್ಲಾ. ಹಾಗಾಗಿ ನಾನು ಕಂಪ್ಯೂಟರಿನಲ್ಲಿ ಪೋಕರ್ ಆಡ್ತೀನಿ ಅಂದಾಗ ಮನೆಯಲ್ಲಿ ಯಾರೂ ಆರತಿ ಎತ್ತಲಿಲ್ಲ :-)

ಮೊದಲೇ ಹೇಳಿಬಿಡ್ತೀನಿ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಈಗ ನಾವು ನಾಲ್ಕೈದು ಗೆಳೆಯರು ಆಡೋದು ಬರೀ ಪುಕ್ಕಟೆ ಚಿಪ್ಸಿಗೆ. ದುಡ್ಡಿಲ್ಲದಿದ್ದರೂ ತಲೆ ಕೆಡೋದು ಮಾತ್ರ ತಪ್ಪಿಲ್ಲ ನೋಡಿ!

ಆಟದ ಲೆಕ್ಕ ಅಂಥಾ ಕಷ್ಟದ್ದಲ್ಲ. 52 ಎಲೆಗಳಲ್ಲಿ ಕೈಗೆ 2 ಬರುತ್ತವೆ. ಒಟ್ಟು 1,326 ಬಗೆಯ ಜೋಡಿ. ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಅನ್ನೋ ಸಾಮಾನ್ಯ ಸೂತ್ರವನ್ನು 9ನೇ ಶತಮಾನದಲ್ಲೇ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಕೊಟ್ಟಿದ್ದಾನೆ. ಅದರ ಆರಂಭದಲ್ಲಿ ಅವನು ಹೊಗಳುವ ದೊರೆ ಅಮೋಘವರ್ಷ ನೃಪತುಂಗ. ಆ ದೊರೆಯ ರಾಜಧಾನಿ ಮಾನ್ಯಖೇಟ, ಅಂದ್ರೆ ನಮ್ಮದೇ ತಾಲೂಕಿನ ಮಳಖೇಡ! ಇಂಜಿನಿಯರಿಂಗ್ ಓದುವಾಗ ಇದನ್ನು ಯಾರೂ ಹೇಳಲಿಲ್ಲ ಬಿಡಿ.

ಆ 1,326ರಲ್ಲಿ ಎಕ್ಕದ ಜೋಡಿ ಬರೀ 6. ಅಂದ್ರೆ 221 ಕೈಗೆ ಒಂದು ಸಲ. ಅಂಥ ಕೈ ಬಂದಾಗಲೂ, ಎದುರಿನವನ ಹತ್ತಿರ ರಾಜನ ಜೋಡಿ ಇದ್ದರೆ, 100ರಲ್ಲಿ ಸುಮಾರು 18 ಸಲ ಅವನೇ ಗೆಲ್ತಾನೆ. ನೀವು ಆಡಿದ್ದು ಸರಿ, ಆದರೂ ಸೋಲು. ಲೆಕ್ಕ ಇದನ್ನು ಒಪ್ಪುತ್ತೆ, ಹೊಟ್ಟೆ ಒಪ್ಪಲ್ಲ. ಹೀಗೆ ಹೊಟ್ಟೆ ಉರಿದು ತಲೆ ಕೆಡೋದಕ್ಕೆ ಪೋಕರ್‌ನವರು ಇಟ್ಟ ಹೆಸರು ಟಿಲ್ಟ್.

ನಮ್ಮ ಗೆಳೆಯನೊಬ್ಬ ರಾತ್ರಿ ಒಂಬತ್ತಕ್ಕೆ ಬೃಹಸ್ಪತಿ. ಒಂದು ಗಂಟೆಯಾದ್ರೆ ಪಿತ್ತ ನೆತ್ತಿಗೇರಿರುತ್ತೆ. ನಾಲ್ಕು ಆಟೀನು ಸೇರಿವೆ, ಐದನೆಯದು ಬಂದರೆ ಫ್ಲಶ್. ಬೀಳೋದು ಇನ್ನೊಂದೇ ಎಲೆ. ಕಾಣದ 46 ಎಲೆಗಳಲ್ಲಿ ಆಟೀನು 9, ಅಂದ್ರೆ ಐದಕ್ಕೆ ಒಂದು ಸಲವೂ ಬರಲ್ಲ. ನಡುವೆ 200 ಚಿಪ್ಸ್ ಇದೆ, ಎದುರಿನವ ಇನ್ನೂ 200 ಕಟ್ಟಿದ. ಇವನೂ 200 ಹಾಕಿದರೆ ಒಟ್ಟು 600. ಮೂರಕ್ಕೆ ಒಂದು ಸಲ ಗೆದ್ದರೆ ಮಾತ್ರ ಗಿಟ್ಟುತ್ತೆ. ಒಂಬತ್ತಕ್ಕೆ ಎಲೆ ಬಿಟ್ಟುಬಿಡ್ತಾನೆ. ಒಂದು ಗಂಟೆಗೆ ಅದೇ ಲೆಕ್ಕ ಗೊತ್ತಿದ್ದೂ ಕಟ್ತಾನೆ. ಲೆಕ್ಕ ಮರೆತಿರಲ್ಲ, ಅದನ್ನು ಕೇಳುವ ತಾಳ್ಮೆ ಮುಗಿದಿರುತ್ತೆ ಅಷ್ಟೆ.

ಅದಕ್ಕೇ ನನ್ನವು ನಾಲ್ಕು ಕಟ್ಟುಪಾಡು. ಕೂರುವ ಮೊದಲೇ ಏಳುವ ಹೊತ್ತು ಗೊತ್ತು ಮಾಡಿ ಅಲಾರಂ ಇಡೋದು. ಒಂದೇ ಟೇಬಲ್, ಬೇರೆ ಕಿಟಕಿ ತೆರೆಯೋ ಹಾಗಿಲ್ಲ. ದೊಡ್ಡ ಕೈ ಸೋತರೆ ಎದ್ದು ನೀರು ಕುಡಿದು ಬರೋದು. ಮರುದಿನ ಬೆಳಿಗ್ಗೆ ಮೂರು ಕೈಗಳನ್ನು ಮತ್ತೆ ನೋಡೋದು. ಗೆದ್ದೆನೋ ಸೋತೆನೋ ಬಿಟ್ಟು, ಆಗ ಗೊತ್ತಿದ್ದಷ್ಟರಲ್ಲಿ ಮಾಡಿದ್ದು ಸರಿಯಾ ಅಂತ. ಆಫೀಸಿನ ಕೋಡ್ ರಿವ್ಯೂ ಥರಾನೇ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಪ್ಪನಿಗೆ ಇದನ್ನೆಲ್ಲ ವಿವರಿಸಿದೆ. ಅಪ್ಪನದು ಕಪ್ಪು ಮಣ್ಣಿನ ಹೊಲ, ತೊಗರಿ ಬೆಳೆ. ಪೂರ್ತಿ ಕೇಳಿ ಒಂದೇ ಪ್ರಶ್ನೆ ಹಾಕಿದ್ರು.

“ನಡಬರಕ ಎದ್ದು ಬರ್ಲಾಕ ಬರ್ತದೇನು?”

“ಬರ್ತದಪ್ಪಾ. ಎಲಿ ಬಿಟ್ಟು ಕೊಟ್ರ ಆಯ್ತು.”

“ಮತ್ತ ಜನ ಯಾಕ ಮನಿ ಕಳ್ಕೊಂತಾರ? ನಮಗ ಬಿತ್ತಿದ ಮ್ಯಾಲ ಎದ್ದು ಬರ್ಲಾಕ ಬರಂಗಿಲ್ಲ ನೋಡು.”

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿತು, ಸಂತೋಷ. ಆದರೆ ಮುಂಗಾರಿಗೆ ಬೀಜ ಮಣ್ಣಿಗೆ ಬಿದ್ದರೆ ರಾಶಿ ಮಾಡೋ ತನಕ ಆರು ತಿಂಗಳು. ನಡುವೆ ಮಳೆ ಕೈಕೊಟ್ಟರೂ, ಹೆಚ್ಚಾಗಿ ನೀರು ನಿಂತರೂ, ನೆಟೆ ರೋಗ ಬಂದು ಗಿಡ ನಿಂತಲ್ಲೇ ಒಣಗಿದರೂ, ಕೂತೇ ಇರಬೇಕು. ಹಾಕಿದ್ದನ್ನು ಅಲ್ಲಿಗೇ ಬಿಟ್ಟು ಮುಂದಿನ ಕೈಗೆ ಕಾಯೋಣ ಅನ್ನೋಕೆ ವರ್ಷಕ್ಕೆ ಸಿಗೋದೇ ಒಂದು ಕೈ. ಅಪ್ಪನಿಗೆ ತಲೆ ಕೆಡಿಸಿಕೊಳ್ಳೋಕೆ ಎಷ್ಟು ಕಾರಣ ಇವೆ! ಆದ್ರೂ ಬೆಳಿಗ್ಗೆ ಎದ್ದು ಹೊಲಕ್ಕೆ ಹೋಗಿ, ಅವತ್ತು ಮಾಡಬೇಕಾದ್ದಷ್ಟು ಮಾಡಿ ಬರ್ತಾರೆ.

ಬೇಕೆಂದಾಗ ಎದ್ದು ಬರೋದು ನಮಗೆ ಸಿಕ್ಕಿರೋ ಭಾಗ್ಯ. ಅದನ್ನೇ ಬಳಸದೆ ಒಂದು ಗಂಟೆವರೆಗೆ ಕೂತರೆ ಎಂಥಾ ಬುದ್ಧಿವಂತಿಕೆ ಹೇಳಿ? ಈಗ ನನ್ನ ಅಲಾರಂಗೆ ‘ತೊಗರಿ’ ಅಂತ ಹೆಸರಿಟ್ಟಿದ್ದೀನಿ. ರಾತ್ರಿ ಹತ್ತೂವರೆಗೆ ಹೊಡೆದುಕೊಳ್ಳುತ್ತೆ, ಗೆಲ್ತಿದ್ರೂ ಏಳ್ತೀನಿ.

ನಿಮ್ಮ ಆಟ ಯಾವುದು? ಏಳೋ ಹೊತ್ತು ಎಷ್ಟು?