ಉಳಿದ ಮಾತ್ರೆಗಳು

ನಮ್ಮ ಉಮ್ಮತ್ತೂರು ಒಂದು ಕಾಲಕ್ಕೆ ಪಾಳೆಯಗಾರರ ರಾಜಧಾನಿಯಾಗಿದ್ದಿತು. ಹದಿನಾರನೆಯ ಶತಮಾನದ ಆದಿಯಲ್ಲಿ ಶ್ರೀಕೃಷ್ಣದೇವರಾಯನು ದಂಡೆತ್ತಿ ಬಂದು ಇಲ್ಲಿಯ ದೊರೆಯನ್ನು ಸೋಲಿಸಿದ ಸಂಗತಿಯನ್ನು ಚರಿತ್ರೆ ಓದಿದವರು ಬಲ್ಲರು. ಕೋಟೆಯ ಕಥೆಗಳನ್ನು ಕೇಳಿಯೇ ಬೆಳೆದವರು ನಾವು. ಆದರೆ ಕಣ್ಣಿಗೆ ಕಾಣದ ರೋಗಾಣುವಿಗೂ ಒಂದು ಕೋಟೆಗೋಡೆ ಉಂಟೆಂಬುದು ನಮಗೆ ತಿಳಿದದ್ದು ಮನೆಗೆ ಬಂದ ಕಷ್ಟದಿಂದ.

ಎರಡು ವರ್ಷಗಳ ಕೆಳಗೆ ನಮ್ಮ ತಾಯಿಯವರ ಕಾಲಿಗೆ ಜಾಲಿಯ ಮುಳ್ಳು ನೆಟ್ಟು ಕೀವಾಯಿತು. ಹಿಂದೆ ಯಾವುದೋ ಜ್ವರಕ್ಕೆಂದು ತಂದು ಉಳಿಸಿದ್ದ ಮಾತ್ರೆಗಳು ಡಬ್ಬಿಯಲ್ಲಿದ್ದುವು. "ಮನೆಯಲ್ಲಿ ಮದ್ದಿರುವಾಗ ಚಾಮರಾಜನಗರಕ್ಕೆ ಏಕೆ ಅಲೆಯಬೇಕು?" ಎಂದು ನಾವೇ ವೈದ್ಯರಾದೆವು. ಮೂರನೆಯ ದಿನಕ್ಕೆ ಊತವು ಮೊಣಕಾಲಿಗೇರಿತು. ಆಸ್ಪತ್ರೆಯಲ್ಲಿ ಕೀವನ್ನು ಪರೀಕ್ಷಿಸಿದ ಮೇಲೆ, ನಾವು ಕೊಟ್ಟ ಮದ್ದಿಗೆ ಆ ರೋಗಾಣುವು ಜಗ್ಗದೆಂದು ತಿಳಿದುಬಂದಿತು. ಬೇರೆ ಮದ್ದಿನಿಂದ ಕಾಲು ಉಳಿಯಿತು. ಆ ಬೇರೆ ಮದ್ದು ಇಲ್ಲದೆ ಹೋಗಿದ್ದರೆ? ಈ ಪ್ರಶ್ನೆಯು ನಮ್ಮನ್ನು ಬಹುದಿನ ಕಾಡಿತು.

ಇದೇ ಪ್ರಶ್ನೆಯನ್ನು ಹಿಡಿದು ದುಡಿಯುತ್ತಿರುವವರು ಬೆಂಗಳೂರಿನ ಜಕ್ಕೂರಿನಲ್ಲಿದ್ದಾರೆ. ಅಲ್ಲಿಯ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜಯಂತ ಹಲ್ದಾರ್ ಎಂಬ ರಸಾಯನಶಾಸ್ತ್ರಜ್ಞರೂ ಅವರ ಶಿಷ್ಯರೂ ಹಳೆಯ ಮದ್ದೊಂದನ್ನು ಹೊಸದಾಗಿ ಹದಗೊಳಿಸಿದರು. ಅದು ೧೯೫೮ರಲ್ಲಿ ಬಳಕೆಗೆ ಬಂದ ವ್ಯಾಂಕೋಮೈಸಿನ್. ರೋಗಾಣುವು ಗೋಡೆಗೆಂದು ತರುವ ಇಟ್ಟಿಗೆಯ ತುದಿಯನ್ನು ಇದು ಹಿಡಿದುಕೊಂಡು ಗೋಡೆ ಏಳದಂತೆ ಮಾಡುವುದು. ಕಾಲಕ್ರಮದಲ್ಲಿ ಕೆಲವು ರೋಗಾಣುಗಳು ಆ ತುದಿಯನ್ನೇ ತುಸು ಮಾರ್ಪಡಿಸಿಕೊಂಡುವು. ಮದ್ದಿನ ಹಿಡಿತ ಸಡಿಲಿತು. ಜಕ್ಕೂರಿನವರು ಆ ಮದ್ದಿನ ಅಣುವಿಗೆ ಹೊಸ ಅಂಗಗಳನ್ನು ಜೋಡಿಸಿ, ಗೋಡೆಯ ಒಳಗಿರುವ ಪೊರೆಯನ್ನೂ ಅದು ಭೇದಿಸುವಂತೆ ಮಾಡಿದರು. ಆದರೆ ಪ್ರಯೋಗಶಾಲೆಯಲ್ಲಿ ಗೆದ್ದ ಅಣುವೆಲ್ಲವೂ ಔಷಧವಾಗದು. ಅದು ರೋಗಾಣುವನ್ನು ಕೊಲ್ಲಬೇಕು, ರೋಗಿಯನ್ನು ನೋಯಿಸಬಾರದು. ಈ ಪರೀಕ್ಷೆಗಳು ಮುಗಿಯಲು ಹತ್ತು ಹದಿನೈದು ವರ್ಷಗಳೂ ಹಿಡಿಯಬಹುದು. ನಡುವೆಯೇ ಬಿದ್ದುಹೋಗುವುವೇ ಹೆಚ್ಚು.

ಹೀಗೆ ವರ್ಷಗಟ್ಟಲೆ ದುಡಿದು ಪಡೆದ ಮದ್ದನ್ನು ನಾವು ಮನೆಯಲ್ಲಿ ಎಷ್ಟು ಹಗುರವಾಗಿ ಕಾಣುವೆವು! ಪೆನಿಸಿಲಿನ್ನನ್ನು ೧೯೨೮ರಲ್ಲಿ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಮಹಾಶಯರು, ೧೯೪೫ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದಾಗಲೇ, ಸಾಲದಷ್ಟು ಮದ್ದು ಕೊಟ್ಟರೆ ರೋಗಾಣುಗಳು ಅದನ್ನು ತಾಳಿಕೊಳ್ಳಲು ಕಲಿಯುವುವೆಂದು ಎಚ್ಚರಿಸಿದ್ದರು. ನೆಗಡಿಗೂ ಶೀತಜ್ವರಕ್ಕೂ ಕಾರಣ ವೈರಾಣುಗಳು; ಅವುಗಳ ಮೇಲೆ ಈ ಮದ್ದುಗಳು ನಡೆಯವು. ಆದರೂ ಅಂಗಡಿಯಿಂದ ಕೇಳಿ ತಂದು ನುಂಗುವವರು ಎಷ್ಟು ಮಂದಿ!

ಗೃಹಸ್ಥರಾದ ನಾವು ಹೊಸ ಮದ್ದನ್ನು ಕಂಡುಹಿಡಿಯಲಾರೆವು. ಇರುವ ಮದ್ದು ಕೆಡದಂತೆ ಕಾಯಬಲ್ಲೆವು. ವೈದ್ಯರು ಹೇಳಿದಾಗ, ಹೇಳಿದಷ್ಟು, ಹೇಳಿದವರಿಗೆ ಮಾತ್ರ ಕೊಟ್ಟರೆ ಸಾಕು. ನಮ್ಮ ಮನೆಯ ಆ ಡಬ್ಬಿಯಲ್ಲಿ ಈಗ ಸೂಜಿದಾರಗಳಿವೆ.